ದನದ ಆಸ್ಪತ್ರೆಗೆ ಬೆಕ್ಕು ಬಂದ ಕಥೆ

ಕಳೆದ ತಿಂಗಳು ಒಂದು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ದೂರವಾಣಿ ಮಾಡಿದಳು. 1994ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ತಂಡದವಳು. ಈಗ ಅವಳ ಮಗಳೇ ಕಾಲೇಜಿಗೆ ಹೋಗುತ್ತಾಳೆ. "ಟೀಚರ್, ನಮ್ಮ ಬೆಕ್ಕು ಬೆಳಗಿನಿಂದ ಮರಳಿನ ತಟ್ಟೆಗೆ ಹೋಗಿ ಹೋಗಿ ಕೂರುತ್ತಿದೆ, ಏನೂ ಆಗುತ್ತಿಲ್ಲ. ಮಲಬದ್ಧತೆ ಇರಬೇಕು. ಹೊಟ್ಟೆ ಮುಟ್ಟಿದರೆ ಕೂಗುತ್ತದೆ. ನೋವಿಗೆ ಅರ್ಧ ಪ್ಯಾರಸಿಟಮಾಲ್ ಕೊಡಲೇ?" ಎಂದಳು.

"ಗಂಡೋ ಹೆಣ್ಣೋ?" ಎಂದು ಕೇಳಿದೆ.

"ಗಂಡು, ಟೀಚರ್."

"ಮಾತ್ರೆಯ ಡಬ್ಬಿ ಮುಟ್ಟಬೇಡ. ರಾತ್ರಿ ತೆರೆದಿರುವ ಪಶುವೈದ್ಯರು ಎಲ್ಲಿದ್ದಾರೋ ಹುಡುಕಿಕೊಂಡು ಈಗಲೇ ಹೊರಡು. ಬೆಳಗಿನವರೆಗೆ ಕಾಯಬೇಡ" ಎಂದೆ. ನನ್ನ ಧ್ವನಿ ತರಗತಿಯಲ್ಲಿ ಏರುತ್ತಿದ್ದಂತೆ ಏರಿತೆಂದು ತೋರುತ್ತದೆ. ಅವಳು ಮರುಮಾತಾಡದೆ ಹೊರಟಳು.

ಮೂವತ್ತು ವರ್ಷ ಅಶೋಕನ ಶಾಸನ, ಪಾಣಿಪತ್ ಕದನ ಎಂದು ಪಾಠ ಹೇಳಿದವಳಿಗೆ ಬೆಕ್ಕಿನ ಮೂತ್ರನಾಳದ ಗೊಡವೆ ಏಕೆ ಬಂತು ಎಂದು ನೀವು ನಗಬಹುದು. ಅದಕ್ಕೊಂದು ಕಾರಣವಿದೆ. ಮೊದಲು ಇತಿಹಾಸವನ್ನೇ ಹೇಳುತ್ತೇನೆ; ಅಭ್ಯಾಸಬಲ.

ಮನುಷ್ಯನೂ ಬೆಕ್ಕೂ ಜೊತೆಗೂಡಿದ್ದಕ್ಕೆ ಬಹಳ ಹಳೆಯ ಸಾಕ್ಷ್ಯವೊಂದು ಸೈಪ್ರಸ್ ದ್ವೀಪದ್ದು. ಅಲ್ಲಿಯ ಶಿಲ್ಲುರೊಕಾಂಬೊಸ್ ಎಂಬಲ್ಲಿ ಫ್ರೆಂಚ್ ಪುರಾತತ್ತ್ವಜ್ಞರು ಅಗೆದ ಸಮಾಧಿಯೊಂದರ ವಿವರ 2004ರಲ್ಲಿ ಪ್ರಕಟವಾಯಿತು. ಸುಮಾರು 9500 ವರ್ಷಗಳ ಹಿಂದೆ ಅಲ್ಲಿ ಒಬ್ಬ ವ್ಯಕ್ತಿಯನ್ನು ಹೂಳಿದ್ದಾರೆ. ಕೇವಲ 40 ಸೆಂಟಿಮೀಟರು ಆಚೆಗೆ, ತನ್ನದೇ ಪುಟ್ಟ ಗುಂಡಿಯಲ್ಲಿ, ಸುಮಾರು ಎಂಟು ತಿಂಗಳ ಬೆಕ್ಕೊಂದು ಮಲಗಿದೆ. ಆ ದ್ವೀಪದಲ್ಲಿ ಕಾಡುಬೆಕ್ಕು ಹುಟ್ಟಿನಿಂದ ಇದ್ದ ಪ್ರಾಣಿಯಲ್ಲ. ಯಾರೋ ಅದನ್ನು ದೋಣಿಯಲ್ಲಿ ಕೂರಿಸಿಕೊಂಡು ಕಡಲು ದಾಟಿಸಿದ್ದಾರೆ. ಇಂದಿನ ಮನೆಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಂದು ಕಾಡುಬೆಕ್ಕಿನ ಸಂತತಿಯೆಂಬುದನ್ನು 2007ರ ವಂಶವಾಹಿ ಅಧ್ಯಯನ ತೋರಿಸಿತು. ಧಾನ್ಯ ಕೂಡಿಟ್ಟಲ್ಲಿ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ನಾವು ನಾಯಿಯನ್ನು ಪಳಗಿಸಿದೆವು. ಬೆಕ್ಕು ತಾನಾಗಿ ಬಂದು ಅಟ್ಟ ಸೇರಿತು.

ನಮ್ಮ ನೆಲದಲ್ಲಿಯೂ ಗುರುತುಗಳಿವೆ. ಸಿಂಧೂ ನಾಗರಿಕತೆಯ ಚನ್ಹುದಾರೋ ನಗರದಲ್ಲಿ ಸಿಕ್ಕ ಒಂದು ಇಟ್ಟಿಗೆಯ ಮೇಲೆ ಬೆಕ್ಕಿನ ಹೆಜ್ಜೆಯೂ ಅದರ ಬೆನ್ನಿಗೇ ನಾಯಿಯ ಹೆಜ್ಜೆಯೂ ಮೂಡಿವೆ. ಒಣಗಲು ಇಟ್ಟ ಹಸಿ ಇಟ್ಟಿಗೆಯ ಮೇಲೆ ನಡೆದ ಓಟ ಅದು! ಮಾಮಲ್ಲಪುರದ ಏಳನೆಯ ಶತಮಾನದ ಬೃಹತ್ ಶಿಲ್ಪದಲ್ಲಿ ಬೆಕ್ಕೊಂದು ಕೈ ಮೇಲೆತ್ತಿ ತಪಸ್ಸಿಗೆ ನಿಂತಿರುವುದನ್ನು, ಅದರ ಕಾಲಡಿ ಇಲಿಗಳು ನೆರೆದಿರುವುದನ್ನು ಶಾಲಾ ಪ್ರವಾಸದಲ್ಲಿ ನಿಮ್ಮಲ್ಲಿ ಕೆಲವರಿಗೆ ತೋರಿಸಿದ್ದೇನೆ.

ಬೆಕ್ಕಿಗೆ ಅತ್ಯಂತ ಗೌರವ ಸಂದದ್ದು ಈಜಿಪ್ಟಿನಲ್ಲಿ. ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಬೆಂಕಿ ಬಿದ್ದಾಗ ಅದನ್ನು ಆರಿಸುವುದನ್ನು ಬಿಟ್ಟು, ಬೆಕ್ಕುಗಳು ಜ್ವಾಲೆಗೆ ಹಾರದಂತೆ ಜನ ಸಾಲಾಗಿ ಕಾವಲು ನಿಲ್ಲುತ್ತಿದ್ದರಂತೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಒಬ್ಬ ರೋಮನ್ನನು ಅಕಸ್ಮಾತ್ತಾಗಿ ಬೆಕ್ಕನ್ನು ಕೊಂದದ್ದಕ್ಕೆ, ರಾಜನ ಅಧಿಕಾರಿಗಳು ಬೇಡಿಕೊಂಡರೂ ಕೇಳದೆ ಗುಂಪು ಅವನ ಮನೆಗೆ ನುಗ್ಗಿತೆಂದೂ, ತಾನದನ್ನು ಕಣ್ಣಾರೆ ಕಂಡೆನೆಂದೂ ಡಯೊಡೋರಸ್ ಹೇಳುತ್ತಾನೆ. ಆದರೆ ಅದೇ ನಾಡಿನ ಬೆಕ್ಕಿನ ಮಮ್ಮಿಗಳನ್ನು ಪರೀಕ್ಷಿಸಿದಾಗ, ಎಷ್ಟೋ ಮರಿಗಳ ಕತ್ತು ಮುರಿದಿರುವುದು ಕಂಡುಬಂದಿದೆ. ಹರಕೆಗೆಂದು ಸಾಕಿ, ಹರಕೆಗೆಂದೇ ಕೊಂದದ್ದು. ಮುಂದೆ 1890ರ ಸುಮಾರಿಗೆ ಅಂಥ ಮಮ್ಮಿಗಳನ್ನು ಟನ್ನುಗಟ್ಟಲೆ ಹಡಗಿಗೆ ತುಂಬಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಒಯ್ದು ಹೊಲದ ಗೊಬ್ಬರವಾಗಿ ಮಾರಿದರು. ಪೂಜೆ ಒಂದು, ಆರೈಕೆ ಇನ್ನೊಂದು.

ಹತ್ತನೆಯ ಶತಮಾನದ ವೇಲ್ಸ್ ದೇಶದ ದೊರೆ ಹವೆಲ್‌ನ ಹೆಸರಿನಲ್ಲಿರುವ ಕಾನೂನಿನಲ್ಲಿ ಬೆಕ್ಕಿನ ದರಪಟ್ಟಿಯೇ ಇದೆ. ಕಣ್ಣು ಬಿಡುವ ಮುನ್ನ ಒಂದು ಪೆನ್ನಿ, ಇಲಿ ಹಿಡಿಯುವವರೆಗೆ ಎರಡು, ಹಿಡಿದ ಮೇಲೆ ನಾಲ್ಕು. ಬೆಕ್ಕಿಗೊಂದು ಸಂಬಳದ ಶ್ರೇಣಿ ಇದ್ದಂತೆ! ಕೆಲಸಗಾರನ ಬೆಲೆ ಇದು, ರೋಗಿಯದಲ್ಲ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಯುರೋಪಿನ ಮಹಾಮಾರಿಯ ಪಾಠ ಬಂದಾಗಲೆಲ್ಲ, ಒಬ್ಬ ಪೋಪ್ ಬೆಕ್ಕುಗಳನ್ನು ಸೈತಾನನ ಬಂಟರೆಂದು ಕೊಲ್ಲಿಸಿದ, ಆದ್ದರಿಂದ ಇಲಿ ಹೆಚ್ಚಿ ಪ್ಲೇಗು ಬಂತು ಎಂದು ನಾನು ಹೇಳುತ್ತಿದ್ದೆ. ನೀವೂ ಬಾಯಿ ತೆರೆದು ಕೇಳುತ್ತಿದ್ದಿರಿ. ಅದಕ್ಕೆ ಆಧಾರವಿಲ್ಲ. ಒಂಬತ್ತನೆಯ ಗ್ರೆಗರಿ 1233ರ ಸುಮಾರಿಗೆ ಬರೆದ ಪತ್ರದಲ್ಲಿ ಪಾಷಂಡಿಗಳ ಆಚರಣೆಯ ವರ್ಣನೆಯಲ್ಲಿ ಕಪ್ಪು ಬೆಕ್ಕೊಂದು ಬರುವುದು ನಿಜ. ಬೆಕ್ಕುಗಳನ್ನು ಕೊಲ್ಲಿರೆಂಬ ಆಜ್ಞೆ ಅದರಲ್ಲಿಲ್ಲ. ಪ್ಲೇಗು ಬಂದದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ, 1347ರಲ್ಲಿ. ಮರುವರ್ಷ ಅದು ಕೈರೋ ನಗರವನ್ನೂ ಹಾಳುಗೆಡವಿತು. ಕೈರೋದಲ್ಲಿ ಬೆಕ್ಕನ್ನು ದ್ವೇಷಿಸಿದವರಾರು? ಸುಲ್ತಾನ ಬೈಬರ್ಸ್ ಬೆಕ್ಕುಗಳ ಊಟಕ್ಕೆಂದೇ ತೋಟವೊಂದನ್ನು ಬಿಟ್ಟುಕೊಟ್ಟಿದ್ದನೆಂಬ ಮಾತನ್ನು ಎಡ್ವರ್ಡ್ ಲೇನ್ 19ನೆಯ ಶತಮಾನದಲ್ಲಿ ದಾಖಲಿಸಿದ್ದಾನೆ. ಸಾಲದ್ದಕ್ಕೆ ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯನಿಗೂ ಬರಬಹುದು. ಉತ್ತರಪತ್ರಿಕೆಯಲ್ಲಿ ಅದನ್ನೇ ಬರೆದು ಅಂಕ ಪಡೆದವರು ಅಂಕವನ್ನು ಇಟ್ಟುಕೊಳ್ಳಿ, ಸಂಗತಿಯನ್ನು ಬಿಟ್ಟುಬಿಡಿ.

ಪ್ಲೇಗಿನ ಮಾತು ನಮ್ಮ ಮನೆಗಳಿಗೂ ಸೇರಿದ್ದು. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಬಂದ ಆ ಮಾರಿ ಮೈಸೂರು ಸೀಮೆಯ ಹಳ್ಳಿಗಳನ್ನು ದಶಕಗಟ್ಟಲೆ ಕಾಡಿತು. "ಇಲಿ ಬಿತ್ತು" ಎಂಬ ಎರಡು ಮಾತು ಕೇಳಿದೊಡನೆ ಪಾತ್ರೆ ಪಡಗ ಹೊತ್ತು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ನಮ್ಮಜ್ಜಿ ಹೇಳುತ್ತಿದ್ದರು. ಆ ಕಾಲದಲ್ಲಿ ಭಾರತದಲ್ಲಿದ್ದ ಆಂಡ್ರ್ಯೂ ಬುಕಾನನ್ ಎಂಬ ವೈದ್ಯಾಧಿಕಾರಿ, ಬೆಕ್ಕು ಹೆಚ್ಚಾಗಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು ವಾದಿಸಿ, ಬೆಕ್ಕು ಸಾಕಿರೆಂದು 1908ರಲ್ಲಿ ಲೇಖನ ಬರೆದ. ನಮ್ಮ ತೆನಾಲಿ ರಾಮನ ಕಥೆಯಲ್ಲಿಯೂ ಇಲಿಯ ಕಾಟಕ್ಕೆ ಕೃಷ್ಣದೇವರಾಯ ಮನೆಮನೆಗೆ ಬೆಕ್ಕು ಹಂಚುತ್ತಾನಲ್ಲವೇ? ರಾಮಕೃಷ್ಣ ಬಿಸಿ ಹಾಲಿಟ್ಟು ಅದರ ಬಾಯಿ ಸುಡುತ್ತಾನೆ, ನಾವು ನಗುತ್ತೇವೆ. ಬೆಕ್ಕಿನ ಬಾಯಿಯ ಗತಿ ಏನಾಯಿತೆಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ದೊಡ್ಡ ಬೆಕ್ಕುಗಳಿಗೆ ಸಾಮಾನ್ಯವಾಗಿ ಹಾಲು ಜೀರ್ಣವೇ ಆಗದೆಂಬುದಂತೂ ತೀರ ಈಚೆಗೆ ತಿಳಿದ ವಿಷಯ.

ಈಗ 1986ಕ್ಕೆ ಬರುತ್ತೇನೆ. ಬಿ.ಎಡ್. ಮುಗಿಸಿ ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ನನಗೆ ಇಪ್ಪತ್ತಾರು ವರ್ಷ. ಬಾಡಿಗೆ ಮನೆಯ ಒಡತಿ ಒಬ್ಬ ಅಜ್ಜಿ. ಅಟ್ಟದ ತುಂಬ ರಾಗಿ, ಕೊಬ್ಬರಿ. ಅವುಗಳ ಕಾವಲಿಗೆ ಕೆಂಚಿ ಎಂಬ ಬೆಕ್ಕು. ಹಗಲೆಲ್ಲ ಅಜ್ಜಿಯದು, ಸಂಜೆ ಶಾಲೆಯಿಂದ ಬಂದೊಡನೆ ನನ್ನದು. ಒಮ್ಮೆ ಬೇರೆ ಬೆಕ್ಕಿನೊಡನೆ ಕಾದಾಡಿ ಬೆನ್ನಿಗೆ ಕಚ್ಚಿಸಿಕೊಂಡು ಬಂತು. ಗಾಯ ಕೀವಾಯಿತು, ಮೈ ಕೆಂಡದಂತೆ ಸುಡತೊಡಗಿತು. ಊರಿನಲ್ಲಿ ದನದ ಆಸ್ಪತ್ರೆ ಇತ್ತು. ಆದರೆ ಅಲ್ಲಿಗೆ ಬೆಕ್ಕನ್ನು ಎತ್ತಿಕೊಂಡು ಹೋಗುವುದೆಂದರೆ ಊರೇ ನಗುವ ಸಂಗತಿ. "ಸುಮ್ನೆ ಬಿಡಿ ಟೀಚರಮ್ಮ, ಬೂದಿಯಲ್ಲಿ ಬೆಚ್ಚಗೆ ಮಲಗ್ಲಿ, ತಾನೇ ವಾಸಿಯಾಗ್ತದೆ" ಎಂದರು ಅಜ್ಜಿ. ನಾನು ಓದಿದವಳು! ಅವರಿಗೆ ಕಾಣದಂತೆ ಅರ್ಧ ಪ್ಯಾರಸಿಟಮಾಲ್ ಮಾತ್ರೆಯನ್ನು ಪುಡಿಮಾಡಿ, ಹಾಲಿನಲ್ಲಿ ಕಲಸಿ, ಬಾಯಿಗೆ ಹಾಕಿದೆ.

ಬೆಳಗ್ಗೆ ಕೆಂಚಿಯ ಮುಖ ಊದಿತ್ತು. ಗುಲಾಬಿ ಬಣ್ಣದ ಒಸಡು ಕಾಫಿ ಬಣ್ಣಕ್ಕೆ ತಿರುಗಿತ್ತು. ಬಾಯಿ ತೆರೆದು ಉಸಿರೆಳೆಯುತ್ತಿತ್ತು. ನಾನು ಶಾಲೆಗೆ ಹೋದೆ. ಮಧ್ಯಾಹ್ನ ಬರುವ ಹೊತ್ತಿಗೆ ಅಜ್ಜಿ ಹಿತ್ತಲಿನ ತೆಂಗಿನ ಬುಡದಲ್ಲಿ ಅದನ್ನು ಹೂಳಿ ಕೈ ತೊಳೆಯುತ್ತಿದ್ದರು. "ಜ್ವರ ನೆತ್ತಿಗೇರ್ತು" ಎಂದರು. ವಾರದೊಳಗೆ ಎಲ್ಲಿಂದಲೋ ಮರಿಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ಮಡಿಲಿಗೆ ಹಾಕಿ, "ಬೇಜಾರು ಮಾಡ್ಕೋಬೇಡಿ" ಎಂದು ಸಮಾಧಾನ ಹೇಳಿದರು. ಮಾತ್ರೆಯ ವಿಷಯವನ್ನು ನಾನು ಹೇಳಲಿಲ್ಲ.

2009ರಲ್ಲಿ ನನ್ನ ಇನ್ನೊಂದು ಬೆಕ್ಕಿಗೆ ಹುಷಾರು ತಪ್ಪಿದಾಗ, ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, "ಮನೆಯ ಮಾತ್ರೆ ಏನಾದರೂ ಕೊಟ್ಟಿರಾ?" ಎಂದು. ಏಕೆ ಹಾಗೆ ಕೇಳಿದಿರಿ ಎಂದೆ. ಅವರು ವಿವರಿಸಿದರು. ಪ್ಯಾರಸಿಟಮಾಲನ್ನು ನಿರಪಾಯವಾಗಿಸಿ ಹೊರಹಾಕಲು ನಮ್ಮ ಯಕೃತ್ತಿನಲ್ಲಿರುವ ಕಿಣ್ವ ಬೆಕ್ಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಉಳಿದ ವಿಷ ಕೆಂಪು ರಕ್ತಕಣಗಳನ್ನು ಕೆಡಿಸುತ್ತದೆ, ರಕ್ತಕ್ಕೆ ಪ್ರಾಣವಾಯು ಹೊರುವ ಶಕ್ತಿ ಹೋಗುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಪಾದಗಳು ಊದುತ್ತವೆ. ಅವರು ಹೇಳುತ್ತಾ ಹೋದಂತೆ ಇಪ್ಪತ್ಮೂರು ವರ್ಷಗಳ ಹಿಂದಿನ ಕೆಂಚಿ ನನ್ನ ಎದುರಿಗೇ ಕುಳಿತಂತಾಯಿತು. ಬೇಗ ಒಯ್ದರೆ ಪ್ರತಿವಿಷವೂ ಉಂಟು ಎಂದರು.

ಅಂದು ಮನೆಗೆ ಬಂದವಳು ಓದಲು ತೊಡಗಿದೆ. ಜಗತ್ತಿನ ಮೊದಲ ಪಶುವೈದ್ಯ ಶಾಲೆ ಫ್ರಾನ್ಸಿನ ಲಿಯಾನ್ ನಗರದಲ್ಲಿ 1762ರಲ್ಲಿ ತೆರೆದದ್ದು ಕುದುರೆಗಾಗಿ, ದನಕ್ಕಾಗಿ. ಲಂಡನ್ನಿನದು 1791ರದು, ಅದೂ ಕುದುರೆಯ ಚಿಂತೆಯಿಂದಲೇ. ನಮ್ಮಲ್ಲಿ ಮುಂಬಯಿಯ ಕಾಲೇಜು 1886ರಲ್ಲಿ, ಮದರಾಸಿನದು 1903ರಲ್ಲಿ, ಬೆಂಗಳೂರಿನ ಹೆಬ್ಬಾಳದ್ದು 1958ರಲ್ಲಿ ಬಂದವು. ಉಳುವ ಎತ್ತು, ಕರೆಯುವ ಹಸು, ದಂಡಿನ ಕುದುರೆ ಬದುಕಬೇಕಿತ್ತು. "ದನದ ಆಸ್ಪತ್ರೆ" ಎಂಬ ನಮ್ಮ ಮಾತಿನಲ್ಲೇ ಅದೆಲ್ಲ ಇದೆ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರ ದೊಡ್ಡ ಬೆಕ್ಕಿನ ಪ್ರದರ್ಶನ ನಡೆಸಿದ. ಅಟ್ಟದ ಬೆಕ್ಕು ದಿಂಬಿನ ಮೇಲೆ ಕೂತಿತು. ಆದರೂ ಅದರ ವೈದ್ಯ ಬಹಳ ಕಾಲ ನಾಯಿಯ ವೈದ್ಯವೇ. ಬೆಕ್ಕೆಂದರೆ ಚಿಕ್ಕ ನಾಯಿ ಎಂಬ ಲೆಕ್ಕ. ಮರಿಗಳನ್ನು ಸಾಲುಸಾಲಾಗಿ ಕೊಲ್ಲುವ ವಾಂತಿಭೇದಿಯ ರೋಗಕ್ಕೆ ವೈರಸ್ಸೇ ಕಾರಣವೆಂದು 1928ರಲ್ಲಿ ತಿಳಿಯಿತು. ಬೆಕ್ಕಿನ ರಕ್ತಕ್ಯಾನ್ಸರಿನ ವೈರಸ್ಸನ್ನು ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ 1964ರಲ್ಲಿ ಗುರುತಿಸಿದರು. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಆಹಾರದಲ್ಲಿ ಕಡಿಮೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆಂಬುದು ಪ್ರಕಟವಾದದ್ದು 1987ರಲ್ಲಿ, ಕೆಂಚಿ ಸತ್ತ ಮರುವರ್ಷ. ನಮ್ಮ ಮನೆಗಳಲ್ಲಿ ಮೊಸರನ್ನದಲ್ಲಿ ಬೆಳೆದ ಬೆಕ್ಕುಗಳನ್ನು ಇಲಿಗಳೇ ಕಾಪಾಡಿರಬೇಕು.

ಹೀಗೆ ಓದಿದ್ದರಲ್ಲಿ ನಿಮಗೆ ಬೇಕಾದದ್ದನ್ನು ಹೇಳಿಬಿಡುತ್ತೇನೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳು ಅಥವಾ ಲೋಳೆ ಸಿಕ್ಕಿಕೊಂಡರೆ ಮೂತ್ರ ಕಟ್ಟುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಒಂದೆರಡು ದಿನದಲ್ಲಿ ಹೃದಯ ನಿಲ್ಲುತ್ತದೆ. ನೋಡುವವರಿಗೆ ಮಲಬದ್ಧತೆಯಂತೆಯೇ ಕಾಣುವುದು ಇದರ ಮೋಸ. ಬೆಕ್ಕು ನಾಯಿಯಂತೆ ಬಾಯಿ ತೆರೆದು ತೇಕಿದರೆ ಅದೂ ತುರ್ತೇ. ಹೂ ಕಟ್ಟುವ ದಾರ ನುಂಗಿ ತುದಿ ಹೊರಗೆ ಕಂಡರೆ ಎಳೆಯಬೇಡಿ. ಒಳಗೆ ಕರುಳು ಕತ್ತರಿಸೀತು. ನಾಯಿಯ ಚಿಗಟಕ್ಕೆಂದು ತಂದ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿನ ಮೈಗೆ ಹಚ್ಚಬೇಡಿ. ಮೂರು ದಿನ ಊಟ ಬಿಟ್ಟ ಬೆಕ್ಕು, ಅದರಲ್ಲಿಯೂ ದಪ್ಪಗಿರುವುದು, ಯಕೃತ್ತು ಕೊಬ್ಬುಗಟ್ಟಿ ಸಾಯಬಹುದು. "ಲಂಘನಂ ಪರಮೌಷಧಂ" ಅದಕ್ಕೆ ಸಲ್ಲದು. ತಾಯಿಬೆಕ್ಕು ಮರಿಯ ಕತ್ತು ಕಚ್ಚಿ ಒಯ್ಯುವುದನ್ನು ನೋಡಿ ಶ್ರೀವೈಷ್ಣವರ ತೆಂಗಲೆ ಪಂಥದವರು ಶರಣಾಗತಿಯ ಮಾರ್ಜಾಲ ನ್ಯಾಯವನ್ನು ಹೇಳಿದರು. ಆದರೆ ಆ ನ್ಯಾಯ ಮರಿಗೆ ಮಾತ್ರ. ಗಾಯಗೊಂಡ ದೊಡ್ಡ ಬೆಕ್ಕನ್ನು ದಪ್ಪ ಟವಲಿನಲ್ಲಿ ಸುತ್ತಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ನೀವೂ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ.

ಅಂದಿನ ರಾತ್ರಿ ಎರಡು ಗಂಟೆಗೆ ನನ್ನ ವಿದ್ಯಾರ್ಥಿನಿ ಮತ್ತೆ ಕರೆ ಮಾಡಿದಳು. ಮೂತ್ರವೇ ಕಟ್ಟಿತ್ತಂತೆ. ಅರಿವಳಿಕೆ ಕೊಟ್ಟು, ಸಣ್ಣ ನಳಿಕೆ ಹಾಕಿ ತೆಗೆದಿದ್ದಾರೆ. ಮೂರು ದಿನ ಅಲ್ಲಿಯೇ ಇರಿಸಿಕೊಂಡು ಮನೆಗೆ ಕಳಿಸಿದರು. ಈಗ ಅದಕ್ಕೆ ಪಥ್ಯದ ಊಟ, ಮನೆಯಲ್ಲಿ ಮೂರು ಕಡೆ ನೀರಿನ ಬಟ್ಟಲು. "ಟೀಚರ್, ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ಅವಳು ಕೇಳಿದಳು. ಬರೆದು ತಿಳಿಸುತ್ತೇನೆ ಎಂದೆ.

ಕೆಂಚಿಯ ಅಜ್ಜಿ 2001ರಲ್ಲಿ ತೀರಿಕೊಂಡರು. ಅವರ ಮೊಮ್ಮಗನೂ ನನ್ನ ವಿದ್ಯಾರ್ಥಿಯೇ. ನಾನು ಬರೆಯುವುದನ್ನು ಆತ ತಪ್ಪದೆ ಓದುತ್ತಾನೆ. ಚಿಕ್ಕವನಿದ್ದಾಗ ಆ ತೆಂಗಿನ ಬುಡದಲ್ಲಿ ಕೆಂಚಿಗೆಂದು ದಾಸವಾಳದ ಹೂವಿಟ್ಟವನು. ಅಪ್ಪಾ, ನಿಮ್ಮ ಕೆಂಚಿ ಜ್ವರದಿಂದ ಸಾಯಲಿಲ್ಲ.