ಪಟ್ಟಿ ಕೊಡದ ಊರು

ಯುದ್ಧದ ಚರಿತ್ರೆ ಅಂದರೆ ದಂಡನಾಯಕರ ಹೆಸರು, ಗೆದ್ದ ತಾರೀಖು, ಸತ್ತವರ ಲೆಕ್ಕ. ನಾವು ಓದಿದ್ದೂ ಇದನ್ನೇ, ಮಕ್ಕಳಿಗೆ ಬಾಯಿಪಾಠ ಮಾಡಿಸುವುದೂ ಇದನ್ನೇ. ಬಾಗಿಲು ತೆರೆದವರ ಚರಿತ್ರೆ ಬರೆದವರು ಕಮ್ಮಿ.

ಫ್ರಾನ್ಸಿನ ದಕ್ಷಿಣದ ಗುಡ್ಡಗಾಡಿನಲ್ಲಿ ಲ ಶಾಂಬೋಂ ಅಂತ ಒಂದು ಊರು. ಸುತ್ತ ದನ ಸಾಕಿ, ಹೊಲ ಗೇದು ಬದುಕುವ ಜನ. 1940ರ ಜೂನ್ 22ರಂದು ಫ್ರಾನ್ಸ್ ಹಿಟ್ಲರನ ಜರ್ಮನಿಯೊಂದಿಗೆ ಕದನವಿರಾಮಕ್ಕೆ ಸಹಿ ಹಾಕಿತು. ಮಾರನೆಯ ದಿನವೇ ಆ ಊರಿನ ಪಾದ್ರಿ ಆಂದ್ರೆ ತ್ರೋಕ್ಮೆ ಚರ್ಚಿನಲ್ಲಿ ನಿಂತು, ಅನ್ಯಾಯದ ಆಜ್ಞೆಗೆ ತಲೆಬಾಗಬೇಡಿ ಅಂದರು.

1942ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಎರಡೇ ದಿನಕ್ಕೆ ಸುಮಾರು 13,000 ಯೆಹೂದ್ಯರನ್ನು ಹಿಡಿದರು. ಹಿಡಿದವರು ಜರ್ಮನ್ನರಲ್ಲ, ಫ್ರೆಂಚ್ ಪೊಲೀಸರೇ. ಅವರ ಕೈಯಲ್ಲಿ ಹೆಸರು, ವಿಳಾಸದ ಪಟ್ಟಿಯಿತ್ತು.

ಆಗಸ್ಟಿನಲ್ಲಿ ಪೊಲೀಸರ ಬಸ್ಸುಗಳು ಶಾಂಬೋಂಗೂ ಬಂದವು. ಯೆಹೂದ್ಯರ ಪಟ್ಟಿ ಕೊಡಿ ಅಂದರು. ತ್ರೋಕ್ಮೆ ಕೊಡಲಿಲ್ಲ. ಸುದ್ದಿ ಆಗಲೇ ಹೊಲಮನೆಗಳಿಗೆ ಮುಟ್ಟಿತ್ತು. ಅಡಗಿದ್ದವರು ಕಾಡು ಸೇರಿದ್ದರು. ಬಸ್ಸುಗಳು ಹೆಚ್ಚುಕಮ್ಮಿ ಖಾಲಿಯೇ ಹೋದವು.

ಈ ಧೈರ್ಯ ಎಲ್ಲಿಂದ ಬಂತು? 1685ರಲ್ಲಿ ಹದಿನಾಲ್ಕನೇ ಲೂಯಿ ಪ್ರೊಟೆಸ್ಟಂಟರ ಪ್ರಾರ್ಥನೆಯನ್ನೇ ನಿಷೇಧಿಸಿದ. ಪಾದ್ರಿಗಳನ್ನು ಗಲ್ಲಿಗೇರಿಸಿದರು. ಗಂಡಸರನ್ನು ಹಡಗಿನ ಹುಟ್ಟಿಗೆ ಸರಪಳಿ ಹಾಕಿ ಬಿಗಿದರು. ಇವರ ಪೂರ್ವಜರು ಕಾಡಿನಲ್ಲಿ ಕದ್ದು ಪ್ರಾರ್ಥಿಸಿದವರು. ಓಡಿಬಂದವನ ಮುಖ ಹೇಗಿರುತ್ತದೆ ಅಂತ ಆ ಜನಕ್ಕೆ ಗೊತ್ತಿತ್ತು. ನೊಂದವರೆಲ್ಲ ಇನ್ನೊಬ್ಬರ ನೋವಿಗೆ ಮಿಡಿಯುತ್ತಾರೆ ಅಂತೇನಿಲ್ಲ. ತಮ್ಮ ನೋವನ್ನು ಮರೆಯದವರು ಮಿಡಿಯುತ್ತಾರೆ.

ಇದು ಪಾದ್ರಿಗಳ ಕತೆ ಮಾತ್ರವಲ್ಲ. ಆಸ್ಕರ್ ರೊಸೊವ್‌ಸ್ಕಿ ತಾನೇ ತಲೆಮರೆಸಿಕೊಂಡು ಬಂದ ಯೆಹೂದಿ ಹುಡುಗ. ಅವನು ಮಿಕ್ಕವರಿಗೆ ಸುಳ್ಳು ಗುರುತಿನ ಚೀಟಿ ತಯಾರಿಸಿದ. ಬಚ್ಚಿಟ್ಟಿದ್ದು ರೈತರೊಬ್ಬರ ಜೇನುಪೆಟ್ಟಿಗೆಯಲ್ಲಿ!

ಬೆಲೆಯನ್ನೂ ತೆತ್ತರು. 1943ರ ಜೂನಿನಲ್ಲಿ ಗೆಸ್ಟಾಪೊ ವಿದ್ಯಾರ್ಥಿಗಳ ವಸತಿಮನೆಗೆ ನುಗ್ಗಿತು. ಅದನ್ನು ನೋಡಿಕೊಳ್ಳುತ್ತಿದ್ದ ಮೇಷ್ಟ್ರು ದಾನಿಯೆಲ್ ತ್ರೋಕ್ಮೆ ತಪ್ಪಿಸಿಕೊಳ್ಳಬಹುದಿತ್ತು. ಹುಡುಗರನ್ನು ಬಿಟ್ಟು ಹೋಗಲಿಲ್ಲ. 1944ರ ಏಪ್ರಿಲ್‌ನಲ್ಲಿ ಮೈದಾನೆಕ್ ಶಿಬಿರದಲ್ಲಿ ಸತ್ತರು.

1990ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಇಡೀ ಊರಿಗೆ, ಸುತ್ತಲ ಹಳ್ಳಿಗಳಿಗೆ ಗೌರವ ಸಲ್ಲಿಸಿತು. ಎಷ್ಟು ಜನ ಉಳಿದರು? ಸುಮಾರು 3,000 ಯೆಹೂದ್ಯರು ಅನ್ನುವ ಅಂದಾಜುಂಟು. ಖಚಿತ ಲೆಕ್ಕ ಯಾರ ಹತ್ತಿರವೂ ಇಲ್ಲ. ಬರೆದಿಟ್ಟಿದ್ದರೆ ಅದೇ ಪೊಲೀಸರಿಗೆ ಪಟ್ಟಿಯಾಗುತ್ತಿತ್ತು. ಹಾಗಾಗಿ ರಾತ್ರಿ ಕದ ತೆಗೆದು, ಬಿಸಿ ಸಾರು ಕೊಟ್ಟು, ಹುಲ್ಲಟ್ಟದಲ್ಲಿ ಮಲಗಿಸಿದ ಎಷ್ಟೋ ಹೆಂಗಸರ ಹೆಸರು ಇವತ್ತು ನಮಗೆ ಸಿಗುವುದಿಲ್ಲ.

ದಾಖಲೆ ಇಲ್ಲದ್ದು ಚರಿತ್ರೆಯಲ್ಲ ಅನ್ನುವ ಪಂಡಿತರು ಇದಕ್ಕೇನನ್ನುತ್ತಾರೆ? ನಾವಂತೂ ತರಗತಿಯಲ್ಲಿ ಹಿಟ್ಲರನ ಪಾಠ ಬಂದಾಗ ಈ ಊರಿನ ಹೆಸರನ್ನೂ ಹೇಳೋಣ.