ಹಾಲಕ್ಕಿ: ಅಪಶಕುನ ಅಲ್ಲ, ನಮ್ಮ ಬೀದಿಯ ಇಲಿ ಬೇಟೆಗಾರ

ಸಂಜೆ ಅಂಗಡಿ ಶಟರ್ ಎಳೆಯೋ ಹೊತ್ತಿಗೆ ಕರೆಂಟ್ ತಂತಿ ಮೇಲೆ ಕೂತು ಚಿರ್ರ್ ಚಿರ್ರ್ ಅಂತ ಕೂಗುವ ಪುಟ್ಟ ಗೂಬೆಯನ್ನು ನೀವೂ ನೋಡಿರ್ತೀರಿ. ಅದೇ ಹಾಲಕ್ಕಿ. ಬೆಳಗಿನ ಜಾವ ಮನೆ ಮುಂದೆ ಬರುವ ಬುಡಬುಡಿಕೆಯವರು ಶಕುನ ಹೇಳುವುದು ಇದೇ ಹಕ್ಕಿಯ ಹೆಸರಿನಲ್ಲಿ. ಆದರೆ ಅದೇ ಹಕ್ಕಿ ಮನೆ ಮೇಲೆ ಕೂತು ಕೂಗಿದರೆ ಅಪಶಕುನ ಅಂತ ಕಲ್ಲು ಹೊಡೆಯುವವರೂ ಇದ್ದಾರೆ.

ಹೇಗಿರುತ್ತೆ?
ಉದ್ದ ಸುಮಾರು 21 ಸೆಂ.ಮೀ., ಹೆಚ್ಚುಕಮ್ಮಿ ಗೊರವಂಕದಷ್ಟು. ಬೂದು ಮಿಶ್ರಿತ ಕಂದು ಮೈ, ತುಂಬಾ ಬಿಳಿ ಚುಕ್ಕೆ, ದುಂಡು ತಲೆ, ಹಳದಿ ಕಣ್ಣು, ಬಿಳಿ ಹುಬ್ಬು. ನಾವು ದಿಟ್ಟಿಸಿ ನೋಡಿದರೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಅದೂ ನಮ್ಮನ್ನೇ ನೋಡುತ್ತೆ.

ಏನು ತಿನ್ನುತ್ತೆ?
ಜೀರುಂಡೆ, ಮಿಡತೆ, ಪತಂಗ, ಹಲ್ಲಿ, ಎರೆಹುಳು, ಚಿಕ್ಕ ಇಲಿ. ಬೀದಿ ದೀಪಕ್ಕೆ ಮುತ್ತುವ ಹುಳಗಳೆಂದರೆ ಇದಕ್ಕೆ ಹಬ್ಬ. ಜೀರ್ಣವಾಗದ ಮೂಳೆ, ಕೂದಲನ್ನು ಉಂಡೆಯಾಗಿ ಬಾಯಿಂದ ಉಗುಳುತ್ತೆ. ಮರದ ಬುಡದಲ್ಲಿ ಅಂಥ ಉಂಡೆ ಬಿದ್ದಿದ್ದರೆ ಮೇಲೆ ಗೂಬೆ ಇರಬಹುದು.

ಗೂಡು ಎಲ್ಲಿ?
ಹಳೇ ಮರದ ಪೊಟರೆ, ಪಾಳು ಗೋಡೆಯ ಸಂದು, ಹಳೇ ಕಟ್ಟಡದ ತೂತು. ನಮ್ಮ ಕಡೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮರಿ ಮಾಡುವ ಕಾಲ. ಸಾಮಾನ್ಯವಾಗಿ 3-4 ಮೊಟ್ಟೆ. ಮರಿಗಳಿಗೆ ಗಂಡು ಹೆಣ್ಣು ಎರಡೂ ಆಹಾರ ತರುತ್ತವೆ. ಹಗಲು ಪೊಟರೆಯಲ್ಲೇ ಅಥವಾ ದಟ್ಟ ಎಲೆಗಳ ನಡುವೆ ಇಡೀ ಸಂಸಾರ ಒತ್ತಿಕೊಂಡು ಕೂತಿರುತ್ತೆ. ರಸ್ತೆ ಅಗಲ ಮಾಡಲು ಅಂಥ ಒಂದು ಹಳೇ ಮರ ಕಡಿದರೆ ಒಂದು ಸಂಸಾರವೇ ಬೀದಿಗೆ ಬಿತ್ತು ಅಂತ ಅರ್ಥ.

ಅಂಗಡಿಯವರ ಗಮನಕ್ಕೆ
ಗೋಡೌನ್‌ನಲ್ಲಿ ಇಟ್ಟ ಪಾಷಾಣ ತಿಂದ ಇಲಿಯನ್ನು ಗೂಬೆ ತಿಂದರೆ ಅದೂ ಸಾಯಬಹುದು. ಆದಷ್ಟು ಇಲಿ ಬೋನು ಇಡಿ. ಸತ್ತ ಇಲಿಯನ್ನು ಹೊರಗೆ ಎಸೆಯದೆ ಹೂತುಹಾಕಿ.

ಮರಿ ಕೆಳಗೆ ಬಿದ್ದಿದ್ದರೆ?
ಮನೆಗೆ ಒಯ್ದು ಸಾಕಬೇಡಿ, ಹಾಲು ಕುಡಿಸಬೇಡಿ. ನಾಯಿ, ಬೆಕ್ಕಿಗೆ ಸಿಗದಂತೆ ಅದೇ ಮರದ ಕೊಂಬೆ ಮೇಲೆ ಕೂರಿಸಿ ದೂರ ಸರಿಯಿರಿ. ತಾಯಿ ತಂದೆ ಅಲ್ಲೇ ಹತ್ತಿರ ಇರ್ತವೆ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ದೀಪಾವಳಿ ಹತ್ತಿರ ಬಂದರೆ ಮಾಟ, ಪೂಜೆ ಅಂತ ಗೂಬೆ ಹಿಡಿದು ಮಾರುವವರು ಹುಟ್ಟಿಕೊಳ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯುವುದು, ಕೊಲ್ಲುವುದು, ಮಾರುವುದು ಎಲ್ಲವೂ ಅಪರಾಧ. ಕಣ್ಣಿಗೆ ಬಿದ್ದರೆ ಸುಮ್ಮನಿರಬೇಡಿ, ಇಲಾಖೆಗೆ ತಿಳಿಸಿ.