ಪರದೆಯ ಪುಟ, ಅವ್ವನ ಮಾತು: ಬೆಳಗಾವಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಸಂದರ್ಭದಲ್ಲಿ ಡಿಜಿಟಲ್ ಚಿತ್ರಪುಸ್ತಕದ ಕೂಡು ಓದು

ಪೀಠಿಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಮಗುವಿಗೆ ಬಣ್ಣದ ಪುಸ್ತಕಕ್ಕಿಂತ ಮೊದಲು ಸಿಗುವುದು ಮೊಬೈಲ್. ಅದರಲ್ಲಿ ಹಾಡು, ಆಟ, ಕಾರ್ಟೂನುಗಳ ಜೊತೆಗೆ ಕನ್ನಡದ ಚಿತ್ರಪುಸ್ತಕಗಳೂ ಪುಕ್ಕಟೆಯಾಗಿ ದೊರೆಯುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ಆರಂಭಿಸಿದ ಸ್ಟೋರಿವೀವರ್ ಇದಕ್ಕೆ ಮುಖ್ಯ ಆಕರ. ಅಲ್ಲಿನ ಕಥೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಮುದ್ರಿಸಬಹುದು. ಪುಸ್ತಕ ಕೈಗೆಟುಕಿದ ಮೇಲೆ ಅದನ್ನು ಮನೆಯಲ್ಲಿ ಹೇಗೆ ಓದಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಡಿಜಿಟಲ್ ಚಿತ್ರಪುಸ್ತಕದಿಂದ ಮಗುವಿಗೆ ಆಗುವ ಲಾಭ ಬಹುಪಾಲು ದೊಡ್ಡವರು ಪಕ್ಕದಲ್ಲಿ ಕುಳಿತು ಆಡುವ ಮಾತಿನಿಂದ ಬರುತ್ತದೆ. ಅಂಥ ಮಾತಿಗೆ ಬೇಕಾದ ಬಂಡವಾಳ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಈಗಾಗಲೇ ಇದೆ ಎಂಬುದು ಈ ಲೇಖನದ ವಾದ.

ಸಂಶೋಧನೆಗಳು ಹೇಳುವುದೇನು?

ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರಕ್ಕೆ ತಳಹದಿ. ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗಳಿಗೆ ಅವರು ಕಲಿಸಿದ್ದು ಇಷ್ಟೇ: ಸುಮ್ಮನೆ ಓದಿ ಹೇಳುವ ಬದಲು ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ಬೆಳೆಸಿ, ಹೇಳಿದ್ದನ್ನು ಮೆಚ್ಚಿ. ನಾಲ್ಕು ವಾರಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಎದ್ದು ಕಾಣುವಷ್ಟು ಬೆಳೆಯಿತು.

ಪರದೆ ಬಂದ ಮೇಲೆ ಈ ಸಂವಾದ ಸೊರಗುವ ಅಪಾಯವಿದೆ. ಟಿಫನಿ ಮುಂಜರ್ ತಂಡ 2019ರಲ್ಲಿ 37 ಜೋಡಿ ತಂದೆತಾಯಿ-ಮಕ್ಕಳನ್ನು ಗಮನಿಸಿತು. ಕಾಗದದ ಪುಸ್ತಕ ಹಿಡಿದಾಗ ಕಥೆಯ ಬಗ್ಗೆ ನಡೆದಷ್ಟು ಮಾತುಕತೆ ಟ್ಯಾಬ್ಲೆಟ್ ಹಿಡಿದಾಗ ನಡೆಯಲಿಲ್ಲ. ಫುರೆನೆಸ್, ಕುಸಿರ್ಕೋವಾ ಮತ್ತು ಬುಸ್ 2021ರಲ್ಲಿ 39 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಾಗದದ ಪುಟವನ್ನು ಹಾಗೆಯೇ ಪರದೆಗೆ ತಂದಲ್ಲಿ ಮಕ್ಕಳಿಗೆ ಕಥೆ ಕಡಿಮೆ ಅರ್ಥವಾಗಿತ್ತು. ಕಥೆಯ ತಿರುಳಿಗೇ ಒತ್ತುಕೊಡುವ ಸೌಲಭ್ಯಗಳಿದ್ದಲ್ಲಿ ಮಾತ್ರ ಡಿಜಿಟಲ್ ಪುಸ್ತಕ ಮುಂದಾಗಿತ್ತು. ಆದರೆ ಅಂಥ ಸೌಲಭ್ಯಗಳೂ ಜೊತೆಗೂಡಿ ಓದುವ ಹಿರಿಯರ ಜಾಗವನ್ನು ತುಂಬಲಾರವು.

ಒಂದು ಪುಟದ ಮುಂದೆ

ಸವದತ್ತಿ ತಾಲ್ಲೂಕಿನ ಒಂದು ಮನೆಯಲ್ಲಿ ನಾಲ್ಕು ವರ್ಷದ ಮಗಳು ಮತ್ತು ಅವ್ವ ಒಂದು ಪುಟ ನೋಡುತ್ತಿದ್ದಾರೆಂದು ಊಹಿಸೋಣ. ಚಿತ್ರದಲ್ಲಿ ಮಳೆ, ಮರದ ಕೆಳಗೆ ಆಡು, ದೂರದಲ್ಲಿ ಕೈಬೀಸಿ ಕರೆಯುವ ಹುಡುಗಿ. ಕೆಳಗೆ ಒಂದೇ ಸಾಲಿನ ಪಠ್ಯ: ಆಡು ಬರಲಿಲ್ಲ.

“ಆಡು ಯಾಕ ಬರವಲ್ದು?”
“ಅದಕ್ಕ ಮಳಿ ಅಂದ್ರ ಅಂಜಿಕಿ.”
“ಹೌದವಾ, ನಮ್ಮ ಆಡೂ ಹಂಗ ಮಾಡತೈತಿ. ಅವತ್ತ ಏನ ಮಾಡಿದ್ವಿ?”
“ಅಪ್ಪಾ ಹೊತ್ಕೊಂಡ ಬಂದಾ!”
“ಈ ಹುಡಿಗಿ ಏನ ಮಾಡತಾಳ, ನೋಡೂಣು?”

ಇಲ್ಲಿ ಅವ್ವ ಕಾರಣ ಕೇಳಿದಳು, ಮಗು ತಾನೇ ಕಾರಣ ಹುಡುಕಿತು. ಅವ್ವ ಅದನ್ನು ಮನೆಯ ಅನುಭವಕ್ಕೆ ಜೋಡಿಸಿದಳು. ಮಗು ಹಿಂದೆ ನಡೆದದ್ದನ್ನು ನೆನಪಿಸಿಕೊಂಡು ಹೇಳಿತು. ಕೊನೆಯ ಪ್ರಶ್ನೆ ಮುಂದಿನ ಪುಟದ ಬಗ್ಗೆ ಕುತೂಹಲ ಹುಟ್ಟಿಸಿತು. ಇದ್ಯಾವುದೂ ಪುಟದಲ್ಲಿ ಅಚ್ಚಾಗಿಲ್ಲ. ಧ್ವನಿಮುದ್ರಿತ ಓದು ಚಾಲೂ ಇದ್ದು, ಪುಟ ತಾನಾಗಿಯೇ ಮಗುಚುವಂತಿದ್ದರೆ ಮಗು ಬಾಯಿ ತೆರೆಯುವಷ್ಟರಲ್ಲಿ ಕಥೆ ಮುಂದೆ ಹೋಗಿರುತ್ತಿತ್ತು. ಹೀಗಾಗಿ ಮೊದಲ ಓದಿನಲ್ಲಿ ಧ್ವನಿ ಬಂದ್ ಮಾಡಿ, ಪುಟ ತಿರುಗಿಸುವ ಕೆಲಸವನ್ನು ಮಗುವಿಗೇ ಬಿಡುವುದು ಒಳ್ಳೆಯದು. ಅಕ್ಷರ ಬಾರದ ತಾಯಿಯೂ ಚಿತ್ರ ನೋಡಿ ಈ ಮಾತುಕತೆ ನಡೆಸಬಲ್ಲಳು. ಎರಡನೆಯ ಸಲ ಧ್ವನಿ ಹಚ್ಚಿದರೆ ಗ್ರಂಥಭಾಷೆಯ ಪರಿಚಯವೂ ಆಗುತ್ತದೆ.

ನೆಲದ ಬಂಡವಾಳ

1824ರ ಅಕ್ಟೋಬರ್ 23ರ ಕಿತ್ತೂರು ಕದನ, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಮುಗಿದ ಚೆನ್ನಮ್ಮನ ಬದುಕು, ಸಂಗೊಳ್ಳಿ ರಾಯಣ್ಣನ ಹೋರಾಟ ಇವೆಲ್ಲ ಈ ಭಾಗದ ಜನರಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಲಾವಣಿ, ಗೀಗೀ ಪದಗಳಲ್ಲಿ ದಕ್ಕಿದವು. ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೋಗಿಬಂದ ಮನೆಗಳಲ್ಲಿ ಕಥೆಗೆ ಬರವಿಲ್ಲ. ಹೇಳುವ, ನಡುವೆ ತಡೆದು ಕೇಳುವ, ಹೂಂಗುಟ್ಟುವ ರೂಢಿಯೇ ಕೂಡು ಓದಿನ ಬುನಾದಿ.

ದುಡಿಮೆಯ ರೀತಿಯನ್ನೂ ಗಮನಿಸಬೇಕು. ರಾಮದುರ್ಗದ ಕೈಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವ ತಾಯಿಯ ಕೈಗೆ ಬಿಡುವಿಲ್ಲ, ಬಾಯಿಗೆ ಬಿಡುವಿದೆ. ಮಗು ಪಕ್ಕದಲ್ಲಿ ಕುಳಿತು ಚಿತ್ರ ತೋರಿಸಿದರೆ ಓದು ನಡೆಯುತ್ತದೆ. ಕಬ್ಬಿನ ಹೊಲಕ್ಕೆ ಹೋಗುವವರ ಮನೆಯಲ್ಲಿ ಮೊಬೈಲ್ ಸಂಜೆಗೇ ಕೈಗೆ ಬರುವುದಾದರೆ ಹತ್ತು ನಿಮಿಷದ ಒಂದೇ ಕಥೆ ಸಾಕು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಮಿತಿಯೊಳಗೇ ಓದಿಗೆ ಜಾಗ ಮಾಡಿಕೊಳ್ಳಬೇಕು.

ಮುಂದಿನ ದಾರಿ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದವರನ್ನು ಉದ್ದೇಶಿಸಿತ್ತು. ಅದಕ್ಕೂ ಮುಂಚಿನ ವಯಸ್ಸು ಮನೆ ಮತ್ತು ಅಂಗನವಾಡಿಯ ಪಾಲಿಗೆ ಉಳಿಯುತ್ತದೆ. ಅಂಗನವಾಡಿಯ ತಾಯಂದಿರ ಸಭೆಯಲ್ಲಿ ತೂಕ, ಲಸಿಕೆ, ಆಹಾರದ ಮಾತಿನ ಜೊತೆಗೆ ಒಂದು ಚಿತ್ರಪುಸ್ತಕವನ್ನು ಹೇಗೆ ಮಾತಾಡಿಸಬೇಕೆಂದು ಕಾರ್ಯಕರ್ತೆ ಮಾಡಿ ತೋರಿಸಬಹುದು. ಗ್ರಂಥಾಲಯದಲ್ಲಿ ಇಂಟರ್ನೆಟ್ ಇದ್ದಲ್ಲಿ ಕಥೆಗಳನ್ನು ಇಳಿಸಿಕೊಂಡು ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆಯೂ ಓದಬಹುದು. ಮುಕ್ತ ಪರವಾನಗಿ ಇರುವುದರಿಂದ ಈ ಭಾಗದ ಅಜ್ಜಿಯರ ಕಥೆಗಳಿಗೂ ಲಭ್ಯವಿರುವ ಚಿತ್ರಗಳನ್ನು ಜೋಡಿಸಿ ಹೊಸ ಪುಸ್ತಕ ಮಾಡಬಹುದು.

ಇಂಥ ಯೋಜನೆಗಳ ಯಶಸ್ಸನ್ನು ಎಷ್ಟು ಪುಸ್ತಕ ಇಳಿಸಿಕೊಂಡರು, ಎಷ್ಟು ಟ್ಯಾಬ್ ಹಂಚಿದರು ಎಂದು ಲೆಕ್ಕ ಹಾಕಿದರೆ ಮುಖ್ಯವಾದುದೇ ತಪ್ಪಿಹೋಗುತ್ತದೆ. ಒಂದು ಕಥೆ ಮುಗಿಯುವಷ್ಟರಲ್ಲಿ ಮಗು ಎಷ್ಟು ಸಲ ಮಾತಾಡಿತು, ಏನೇನು ಕೇಳಿತು, ಮರುದಿನ ಆ ಕಥೆಯನ್ನು ತನ್ನ ಮಾತಿನಲ್ಲಿ ಹೇಳಬಲ್ಲದೇ ಎಂಬುದನ್ನು ಅಳೆಯಬೇಕು. ಈ ನಾಲ್ಕು ತಾಲ್ಲೂಕುಗಳಲ್ಲಿ ಮುಂದೆ ನಡೆಯಬೇಕಾದ ಕ್ಷೇತ್ರಾಧ್ಯಯನ ಈ ಅಳತೆಗೋಲಿನಿಂದಲೇ ಆರಂಭವಾಗಲಿ.